ಹುಡುಗಿಯ ಹೆಸರು ಬರೆಯಬೇಡಿ

ನನ್ನ ಕೆಲಸಕ್ಕೆ ಮೊದಲು ಬೇಕಾದದ್ದು ಸೂಜಿಯಲ್ಲ, ನಾಚಿಕೆ ಬಿಟ್ಟ ಬಾಯಿ. ನಿಮ್ಮಮ್ಮ ಯಾವ ಕಾಯಿಲೆಯಿಂದ ಹೋದರು? ಆಗ ಅವರಿಗೆಷ್ಟು ವಯಸ್ಸು? ಅಜ್ಜಿ? ಚಿಕ್ಕಮ್ಮ? ಬೇರೆ ಯಾರಾದರೂ ಹೀಗೆ ಮನೆ ಬಾಗಿಲಿಗೆ ಬಂದು ಸತ್ತವರ ಸುದ್ದಿ ಕೆದಕಿದರೆ ಪೊರಕೆ ಸೇವೆ ಮಾಡಿ ಕಳಿಸುತ್ತಾರೆ. ನಾನು ಬಿಳಿ ಕೋಟು ಹಾಕಿಕೊಂಡು ಕೇಳುತ್ತೇನೆ, ಅಷ್ಟೇ ವ್ಯತ್ಯಾಸ.

ಮೈಸೂರಿನ ಒಂದು ಧರ್ಮಾಸ್ಪತ್ರೆಯ ಕ್ಯಾನ್ಸರ್ ವಿಭಾಗದಲ್ಲಿ ನಾನು ವಂಶವಾಹಿ ಸಲಹೆಗಾರ್ತಿ. ಕ್ಯಾನ್ಸರ್ ಬಂದ ಹೆಂಗಸಿಗೆ ಅದು ಹೆತ್ತವರಿಂದ ಇಳಿದು ಬಂದದ್ದೋ ಅಲ್ಲವೋ ನೋಡುವುದು, ಇಳಿದು ಬಂದಿದ್ದರೆ ಮನೆಯಲ್ಲಿ ಇನ್ನು ಯಾರ ಮೈಯಲ್ಲಿ ಅದು ಸುಮ್ಮನೆ ಕೂತಿದೆ ಎಂದು ಹುಡುಕುವುದು, ಅವರಿಗೆ ಮುಂಚೆಯೇ ಎಚ್ಚರಿಕೆ ಕೊಡುವುದು ನನ್ನ ಕೆಲಸ. ಉಳ್ಳವರು ಬೆಂಗಳೂರಿಗೆ ಹೋಗಿ ಮಾಡಿಸಿಕೊಂಡು ಬರುತ್ತಾರೆ. ಇಲ್ಲದವರಿಗಾಗಿ ದಾನಿಗಳ ನೆರವಿನಲ್ಲಿ ನಾವೇ ನಂಜನಗೂಡಿಗೆ ಒಂದು ವಾರ, ತಿ. ನರಸೀಪುರಕ್ಕೆ ಒಂದು ವಾರ ಹೋಗುತ್ತಿದ್ದೆವು. ನಂಜನಗೂಡಿನಲ್ಲಿ ನಮಗೆ ಸಿಕ್ಕಿದ್ದು ಮುರಿದ ಮಂಚಗಳನ್ನು ತುಂಬಿಟ್ಟಿದ್ದ ಕೋಣೆ. ಮಂಚಗಳನ್ನು ಒಂದು ಮೂಲೆಗೆ ತಳ್ಳಿ ಮೇಜು ಹಾಕಿಕೊಂಡೆವು.

ಶುರುವಿನಲ್ಲಿ ಬಾಗಿಲಿಗೆ ‘ವಂಶಪಾರಂಪರ್ಯ ಕ್ಯಾನ್ಸರ್ ತಪಾಸಣೆ’ ಎಂದು ಬೋರ್ಡು ಹಾಕಿದ್ದೆವು. ಒಂದು ನರಪಿಳ್ಳೆಯೂ ಬರಲಿಲ್ಲ. ಬಿಳಿಗೆರೆ ಕಡೆಯ ಆಶಾ ಕಾರ್ಯಕರ್ತೆ ಬಂದು ನೋಡಿ, “ಅಯ್ಯೋ ಮೇಡಂ, ಈ ಬಾಗ್ಲೊಳಕ್ಕೆ ಓದ್ರು ಅಂತ ಗೊತ್ತಾದ್ರೆ ಆ ಮನೆಗೆ ಎಣ್ಣು ಕೇಳಕ್ಕೆ ಯಾರೂ ಬರಲ್ಲ. ಮೊದ್ಲು ಇದ ಕಿತ್ತಾಕಿ” ಅಂದಳು. ಕಿತ್ತು ‘ಹೆಂಗಸರ ಆರೋಗ್ಯ’ ಎಂದು ಬರೆಸಿದೆವು. ಆಮೇಲೆ ಜನ ಬಂದರು. ಮೊಣಕಾಲು ನೋವಿಗೂ ಬಂದರು.

ನಾನು ಹೇಳಹೊರಟಿರುವ ಹೆಂಗಸನ್ನು ಕರೆದುಕೊಂಡು ಬಂದದ್ದೂ ಅದೇ ಆಶಾ. ಬಿಳಿಗೆರೆ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವಾಕೆ. ವಯಸ್ಸು ನಲವತ್ತು ದಾಟಿರಲಿಲ್ಲ. ಎದೆಯ ಆಪರೇಷನ್ ಆಗಿತ್ತು, ಕೀಮೋ ನಡೆಯುತ್ತಿತ್ತು, ಕೂದಲು ಹೋದ ತಲೆಗೆ ಸೆರಗು ಬಿಗಿದುಕೊಂಡಿದ್ದಳು. ಜೊತೆಗೆ ಬಂದ ಮಗಳು ಜಗುಲಿಯ ಮೇಲೆ ಕೂತು ಫೋನಿನಲ್ಲಿ ಮೆಲ್ಲಗೆ ನಗುತ್ತಿದ್ದಳು. ಇಪ್ಪತ್ತರ ಹುಡುಗಿ, ನಂಜನಗೂಡಿನ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು.

“ನೀನೂ ಒಳಗೆ ಬಾಮ್ಮ” ಎಂದು ಕರೆದೆ.

ತಾಯಿ ತಟ್ಟನೆ ಎದ್ದು ಬಾಗಿಲು ಮುಂದಕ್ಕೆ ಹಾಕಿದಳು. “ಅವ್ಳು ಬ್ಯಾಡ ಮೇಡಮ್ಮೋರೆ. ಮದ್ವೆ ಆಗೋ ಉಡ್ಗಿ. ಅವಳೆಸ್ರ ಎಲ್ಲೂ ಬರೀಬ್ಯಾಡಿ.”

ಬರೆಯಲಿಲ್ಲ. ನಮ್ಮ ಪದ್ಧತಿಯಲ್ಲಿ ವಂಶವೃಕ್ಷ ಬರೆಯುವಾಗ ಹೆಂಗಸರಿಗೆ ವೃತ್ತ, ಗಂಡಸರಿಗೆ ಚೌಕ, ಕಾಯಿಲೆ ಬಂದವರಿಗೆ ಕಪ್ಪು ತುಂಬುತ್ತೇವೆ, ಸತ್ತವರ ಮೇಲೆ ಅಡ್ಡಗೆರೆ ಎಳೆಯುತ್ತೇವೆ. ಅವಳ ತೌರು ಬನ್ನೂರು ಕಡೆ. ತಾಯಿ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಹೋದಳು. ಯಾರೋ ಮಾಟ ಮಾಡಿಸಿದರೆಂದು ಊರು ಹೇಳಿತು. ಅವಳು ಹೇಳಿದ ಲಕ್ಷಣ ಕೇಳಿದರೆ ನನಗದು ಅಂಡಾಶಯದ ಕ್ಯಾನ್ಸರಿನ ಹಾಗೇ ಕಂಡಿತು. ದೊಡ್ಡಕ್ಕನನ್ನು ಸೋದರಮಾವನಿಗೇ ಕೊಟ್ಟಿದ್ದರು. ಅವಳು ಎದೆ ಹುಣ್ಣಾಗಿ ಹೋದಳು. ಆ ದೊಡ್ಡಕ್ಕನಿಗೆ ಮಕ್ಕಳೆಷ್ಟು ಎಂದು ಕೇಳಿದೆ. ಯಾರೂ ಇಲ್ಲ ಅಂದಳು. ಉಳಿದವನು ಒಬ್ಬ ತಮ್ಮ, ಮೂವತ್ತಕ್ಕೆ ಹತ್ತಿರ, ಕಲ್ಲುಗುಂಡಿನ ಹಾಗಿದ್ದಾನೆ ಅಂದಳು. ಮೂರು ವೃತ್ತ ಕಪ್ಪಾದವು. ನನಗೆ ಆಗಲೇ ಅನುಮಾನ ಗಟ್ಟಿಯಾಗಿತ್ತು.

ಪರೀಕ್ಷೆಗೆ ಮುಂಚೆ ಎಲ್ಲವನ್ನೂ ಬಿಡಿಸಿ ಹೇಳಿ ಒಪ್ಪಿಗೆ ತೆಗೆದುಕೊಳ್ಳಬೇಕು. ನಾನು ಅವರಿಗೆ ಹೇಳುವುದು ಎತ್ತಿನ ಗಾಡಿಯ ಲೆಕ್ಕ. ನಮ್ಮ ಮೈಯಲ್ಲಿ ಪ್ರತಿಯೊಂದು ವಂಶವಾಹಿಯೂ ಜೋಡಿ. ಒಂದು ಅಪ್ಪ ಕೊಟ್ಟದ್ದು, ಒಂದು ಅಮ್ಮ ಕೊಟ್ಟದ್ದು. ಕೆಲವರಿಗೆ ಒಂದೆತ್ತು ಹುಟ್ಟಿನಿಂದಲೇ ಕುಂಟು. ಇನ್ನೊಂದು ಗಟ್ಟಿಯಾಗಿರುವ ತನಕ ಗಾಡಿ ಓಡುತ್ತದೆ, ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ. ಎಲ್ಲೋ ಒಂದು ಕಡೆ ಆ ಗಟ್ಟಿ ಎತ್ತೂ ಮುಗ್ಗರಿಸಿದ ದಿನ ಕ್ಯಾನ್ಸರ್ ಶುರುವಾಗುತ್ತದೆ.

“ಅಂದ್ರೆ ನಮ್ಮವ್ವ ನಂಗೆ ಕುಂಟೆತ್ತ ಒಡಕೊಟ್ಲು ಅನ್ನಿ” ಅಂದಳು. ಚುರುಕು ಹೆಂಗಸು. ಇಷ್ಟು ಬೇಗ ಹಿಡಿದುಕೊಂಡವರನ್ನು ನಾನು ಕಾಲೇಜು ಓದಿದವರಲ್ಲೂ ಕಂಡಿರಲಿಲ್ಲ.

ನೇರಳೆ ಮುಚ್ಚಳದ ಎರಡು ಟ್ಯೂಬಿಗೆ ರಕ್ತ ತೆಗೆದೆವು. ಅಲ್ಲೇ ಮೊದಲ ಎಡವಟ್ಟು. ಬಿಸಿಲು ಜಾಸ್ತಿ ಎಂದು ನಮ್ಮವರು ಟ್ಯೂಬುಗಳನ್ನು ಬಟ್ಟೆ ಸುತ್ತದೆ ನೇರ ಐಸ್ ಮೇಲೇ ಇಟ್ಟುಬಿಟ್ಟಿದ್ದರು. ರಕ್ತ ಮಂಜುಗಟ್ಟಿ, ಕಣಗಳು ಒಡೆದು ಕೆಟ್ಟಿತು. ಲ್ಯಾಬಿನವರು ಮಾದರಿ ಸರಿಯಿಲ್ಲ ಎಂದು ಬರೆದದ್ದು ನಮಗೆ ತಿಳಿಯುವ ಹೊತ್ತಿಗೆ ವಾರಗಳು ಕಳೆದಿದ್ದವು. ಕೀಮೋದಿಂದ ಅವಳ ನರಗಳೆಲ್ಲ ಬತ್ತಿ, ಎರಡನೇ ಸಲ ರಕ್ತ ಸಿಗುವಷ್ಟರಲ್ಲಿ ಎರಡೂ ಕೈ ಕಂದಿ ಹೋದವು. ನಮ್ಮವರಿಗೆ ನಾನು ಅಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಮತ್ತೆ ಕಾಯುವ ಸರದಿ. ನಾವು ಕಾಯುತ್ತಿದ್ದ ಆ ಹೊತ್ತಿನಲ್ಲಿ ಅವರ ಮನೆಯಲ್ಲಿ ಇನ್ನೊಂದು ಕೆಲಸ ನಡೆದುಹೋಗಿತ್ತು.

ವರದಿ ಬಂತು. ಬಿ.ಆರ್.ಸಿ.ಎ. ಎರಡು ಎನ್ನುವ ವಂಶವಾಹಿಯಲ್ಲಿ ದೋಷ. ಅದೇ ಮುರಿದ ಮಂಚದ ಕೋಣೆಯಲ್ಲಿ ಅವಳನ್ನು ಕೂರಿಸಿಕೊಂಡು ಹೇಳಿದೆ. ಇನ್ನೊಂದು ಎದೆಗೂ ಅಂಡಾಶಯಕ್ಕೂ ಅಪಾಯವಿದೆ, ಏನೇನು ಮಾಡಬಹುದು ಎಂದು ವಿವರಿಸಿದೆ. ಅವಳು ಅಳಲಿಲ್ಲ.

“ಮಗೀಗೆ?” ಅಂದಳು.

“ಇರಬಹುದು, ಇಲ್ಲದೇ ಇರಬಹುದು. ಅರ್ಧಕ್ಕರ್ಧ.”

ಅವಳು ದೊಡ್ಡ ಉಸಿರು ಬಿಟ್ಟಳು. “ಅಂಗಾರೆ ನಾನು ಮಾಡಿರಾದು ಸರಿಯಾಗೇ ಅದೆ ಬುಡಿ. ಅವಳ್ನ ನನ್ನ ತಮ್ಮಂಗೇ ಕೊಡ್ತಾ ಇವ್ನಿ. ಆಸಾಡಕ್ಕೆ ಮುಂಚೆ ಲಗ್ನ ಇಕ್ಕಿಸಾಯ್ತು.”

ನಾನು ಕೈಯಲ್ಲಿದ್ದ ವರದಿಯನ್ನು ಮೇಜಿನ ಮೇಲಿಟ್ಟೆ. ಅವಳು ಮಾತ್ರ ಸಮಾಧಾನವಾಗಿ ಹೇಳುತ್ತಾ ಹೋದಳು. “ಒರಗಡೆ ಕೊಟ್ರೆ ನಾಳೆ ಇವ್ಳಿಗೊಂದು ಗಂಟು ಕಾಣಿಸ್ಕಂಡ್ರೆ ತೌರ ಬಾಗ್ಲಿಗೆ ತಂದು ಬುಟ್ಟೋಯ್ತಾರೆ. ಆಗ ನಾನೂ ಇರಕಿಲ್ಲ. ನನ್ನ ತಮ್ಮ ಆದ್ರೆ ಒಂದ್ಮಾತು ಎತ್ತಿ ಆಡಕಿಲ್ಲ. ಅವ್ವುನ್ನೂ ದೊಡ್ಡಕ್ಕನ್ನೂ ಮಲ ಮೂತ್ರ ಬಾಚಿ ನೋಡ್ಕಂಡವ್ನು ಅವ್ನೇಯ. ಇವ್ಳಿಗೂ ಅವ್ನು ಅಂದ್ರೆ ಪ್ರಾಣ. ಆವತ್ತು ಜಗ್ಲಿ ಮ್ಯಾಲೆ ಫೋನು ಮಾಡ್ಕಂಡು ಕೂತಿರ್ನಿಲ್ವಾ, ಅವ್ನ ಜೊತೆಯೇಯ.”

ಕಾಯಿಲೆ ಇರುವ ಮನೆಯ ತಾಯಿ ಮಗಳನ್ನು ಕಾಯಲು ಮಾಡಬಹುದಾದದ್ದನ್ನೇ ಅವಳು ಮಾಡಿದ್ದಳು. ನಮ್ಮ ಸೀಮೆಯಲ್ಲಿ ಅಕ್ಕನ ಮಗಳನ್ನು ತರುವುದು ಹೊಸದೇನಲ್ಲ, ನನ್ನ ಅಜ್ಜಿಯೂ ಹಾಗೆಯೇ ಬಂದವಳು. ಆದರೆ ಆ ತಮ್ಮನೂ ಅದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವನು. ಅವನಲ್ಲೂ ಆ ದೋಷ ಇರುವ ಸಾಧ್ಯತೆ ಅರ್ಧಕ್ಕರ್ಧ. ಇಬ್ಬರಲ್ಲೂ ಇದ್ದರೆ ಹುಟ್ಟುವ ಮಗುವಿಗೆ ಎರಡೂ ಎತ್ತು ಕುಂಟಾಗಬಹುದು, ನಾಲ್ಕರಲ್ಲೊಂದು ಪಾಲು. ಆ ಗಾಡಿ ದೂರ ಹೋಗುವುದಿಲ್ಲ. ಕಾಯಿಲೆಯ ಗುಟ್ಟು ಮನೆಯೊಳಗೇ ಇರಲಿ ಎಂದು ಮಾಡುವ ಸಂಬಂಧವೇ ಕಾಯಿಲೆಯನ್ನು ಇಮ್ಮಡಿ ಮಾಡುತ್ತಿತ್ತು.

ಮೆತ್ತಗೆ ಹೇಳಿದೆ. ಹುಟ್ಟುವ ಮಕ್ಕಳಿಗೆ ತೊಂದರೆ ಆಗಬಹುದು, ತಮ್ಮನಿಗೂ ಪರೀಕ್ಷೆ ಮಾಡಿಸೋಣ ಅಂದೆ. ಅವಳು ನಕ್ಕೇಬಿಟ್ಟಳು.

“ಗಂಡಸ್ಗೆ ಎದೆ ಕಾಯ್ಲೆ ಬತ್ತದಾ? ಏನ್ ಮೇಡಮ್ಮೋರೆ ನೀವು!” ಆಮೇಲೆ ನಗು ನಿಲ್ಲಿಸಿ ನನ್ನ ಕೈ ಹಿಡಿದುಕೊಂಡಳು. “ನನ್ನಾಣೆ, ಅವನ ಕಿವೀಗೆ ಬೀಳಬಾರ್ದು. ಈ ಮದ್ವೆ ನಿಂತ್ರೆ ನನ್ನ ಮಗ್ಳು ಬೀದಿಪಾಲು. ಮಗಿ ಕಷ್ಟ ಆಮೇಕ್ಕೆ, ಬಂದ್ರೆ ನೋಡ್ಕಂತೀವಿ.”

ಆಸ್ಪತ್ರೆಗೆ ವಾಪಸು ಬಂದು ನಮ್ಮ ಹಿರಿಯ ವೈದ್ಯರ ಮುಂದೆ ಕೂಗಾಡಿದೆ. ಅವರು ಕೇಳಿಸಿಕೊಂಡು, ಅವಳ ಒಪ್ಪಿಗೆ ಇಲ್ಲದೆ ಯಾರಿಗೂ ಬಾಯಿ ಬಿಡುವ ಹಾಗಿಲ್ಲ ಎಂದರು. “ಇವತ್ತು ಒಬ್ಬಳ ಗುಟ್ಟು ಹೊರಗೆ ಹಾಕಿ ನೋಡಿ. ನಾಳೆಯಿಂದ ಆ ಎರಡು ತಾಲ್ಲೂಕಲ್ಲಿ ಒಬ್ಬ ಹೆಂಗಸೂ ನಿಮ್ಮ ಮುಂದೆ ಬಾಯಿ ಬಿಡಲ್ಲ.” ಅದು ಸರಿಯಾದ ಮಾತು. ಸರಿಯಾದ ಮಾತಾದ್ದರಿಂದಲೇ ನನಗೆ ಮೈಯೆಲ್ಲ ಉರಿಯಿತು. ಎರಡೂ ಎತ್ತು ಕುಂಟಾದ ಮಗು ಹೇಗಿರುತ್ತದೆ ಎಂದು ಅವಳಿಗೆ ಬಿಡಿಸಿ ಹೇಳಲೇ ಎಂದು ಕೇಳಿದೆ. ಕೀಮೋ ನಡೆಯುತ್ತಿರುವಾಗ ಅಷ್ಟೆಲ್ಲ ಹೆದರಿಸಬೇಡಿ, ಮುಗಿಯಲಿ ಅಂದರು. ಕೀಮೋ ಮುಗಿಯುವುದು ಮದುವೆಯಾದ ಮೇಲೆ.

ಮುಂದಿನ ವಾರ ತಿ. ನರಸೀಪುರದ ಸರದಿ. ಮಧ್ಯಾಹ್ನ ಒಬ್ಬ ಗಂಡಸು ಹೆಂಗಸರ ಸಾಲಿನ ಪಕ್ಕದಲ್ಲಿ ನಾಚಿಕೊಂಡು ನಿಂತಿದ್ದ. ಪೇಪರಿನಲ್ಲಿ ಸುತ್ತಿದ ಬೆಲ್ಲದ ಅಚ್ಚು ಕೈಯಲ್ಲಿತ್ತು. ಬನ್ನೂರು ಹತ್ತಿರದ ಆಲೆಮನೆಯಲ್ಲಿ ಪಾಕದ ಹದ ನೋಡುವ ಕೆಲಸ ಅವನದು, ಮುಂಗೈ ತುಂಬ ಸಿಡಿದು ಸುಟ್ಟ ಕಲೆ. ಅಡುಗೆಯಾಕೆಯ ತಮ್ಮ ನಾನು ಅಂದ.

“ಮೇಡಂ, ನಮ್ಮಕ್ಕ ನಿಮ್ತಾವ ಬತ್ತಾಳಂತೆ. ಉಳೀತಾಳಾ? ನಂಗೆ ಯಾರೂ ನಿಜ ಏಳಲ್ಲ.”

ಚಿಕಿತ್ಸೆ ಚೆನ್ನಾಗಿ ನಡೀತಿದೆ ಅಂದೆ.

“ಅಷ್ಟು ಸಾಕು. ಮದ್ವೆ ಒಂದ ಕಣ್ತುಂಬಾ ನೋಡ್ಲಿ. ಅಕ್ಕನ ಮಗ್ಳಿಗೆ ಗಾರ್ಮೆಂಟ್ಸ್ ಬುಡ್ಸಲ್ಲ ಅಂತ ಮಾತು ಕೊಟ್ಟಿವ್ನಿ. ಅವ್ಳು ದುಡ್ಮೆ ಮಾಡ್ತಾಳೆ, ನಾನು ಅಡ್ಗೆ ಮಾಡ್ತೀನಿ!” ಅಂದು ತಾನೇ ನಕ್ಕ.

ಬೆಲ್ಲದ ಅಚ್ಚು ಮೇಜಿನ ಮೇಲಿಟ್ಟು ಹೋದ. ನಾಲಿಗೆಯ ತುದಿಗೆ ಬಂದಿದ್ದ ಮಾತನ್ನು ನುಂಗಿಕೊಂಡು ಸಾಲಿನಲ್ಲಿದ್ದ ಮುಂದಿನ ಹೆಂಗಸನ್ನು ಕರೆದೆ. ಅವನು ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಆ ಸಂಜೆ ಬಸ್ಸಿನಲ್ಲಿ ಒಂದು ತೀರ್ಮಾನ ಮಾಡಿಕೊಂಡೆ: ತಮ್ಮನಿಗೆ ಹೇಳುವುದಿಲ್ಲ, ಆದರೆ ಅಕ್ಕನಿಗೆ ಪೂರ್ತಿ ಹೇಳುತ್ತೇನೆ, ಅವಳು ಹೆದರಿದರೆ ಹೆದರಲಿ. ವೈದ್ಯರಿಗೆ ಫೋನು ಮಾಡಿ ಹೀಗೆ ಮಾಡುತ್ತೇನೆ ಎಂದೆ. ಅವರು ಹೋಗಿ ಅಂದರು.

ಆಶಾಳನ್ನು ಜೊತೆ ಮಾಡಿಕೊಂಡು ಅವಳ ಊರಿಗೆ ಹೋದೆ. ಗಂಡ ಕಾರ್ಖಾನೆಯ ಲೋಡಿಂಗ್ ಕೆಲಸಕ್ಕೆ ಹೋಗಿದ್ದ, ಮಗಳೂ ಕೆಲಸದಲ್ಲಿದ್ದಳು. ಮದುವೆಯ ಬೇಳೆ ಹಸನು ಮಾಡಲು ನೆರೆಯ ಹೆಂಗಸರು ಸೇರಿದ್ದರು. ಡ್ರೆಸ್ಸಿಂಗ್ ನೋಡಬೇಕು ಎಂದು ನೆವ ಹೇಳಿ ಅವರನ್ನು ಆಶಾ ಹೊರಗೆ ಕರೆದೊಯ್ದಳು. ಅಡುಗೆಯಾಕೆ ಮೊರ ಕೆಳಗಿಡಲಿಲ್ಲ. ನಾನು ಯಾಕೆ ಬಂದಿದ್ದೇನೆ ಎಂದು ಅವಳಿಗೆ ಗೊತ್ತಿತ್ತು. ಬೇಳೆ ಕೇರುತ್ತಲೇ ಕೇಳಿಸಿಕೊಂಡಳು.

ನಾನು ಶೇಕಡಾವಾರು ಲೆಕ್ಕ ಬಿಟ್ಟೆ. ಮಗುವನ್ನು ವರ್ಣಿಸಿದೆ. ಹುಟ್ಟುವಾಗಲೇ ಸಣ್ಣದಾಗಿರುತ್ತೆ, ಬೆಳವಣಿಗೆ ಸಾಲದು. ಮೈಮೇಲೆ ಕಂದು ಮಚ್ಚೆ ಇರಬಹುದು. ರಕ್ತ ಊರುವುದಿಲ್ಲ, ಬಿಳಿಚಿಕೊಳ್ಳುತ್ತೆ, ಸುಮ್ಮಸುಮ್ಮನೆ ಮೂಗಿನಿಂದ ರಕ್ತ ಬರುತ್ತೆ, ಎಳೆಯ ವಯಸ್ಸಿಗೇ ಕ್ಯಾನ್ಸರ್ ಬರಬಹುದು. ಕೆಲವು ಮಕ್ಕಳು ಹೆಬ್ಬೆರಳೇ ಇಲ್ಲದೆ ಹುಟ್ಟುತ್ತವೆ.

ಮೊರ ನಿಂತಿತು.

“ನಮ್ಮ ದೊಡ್ಡಕ್ಕನ ಮಗೀಗೂ ಎಬ್ಬೆಟ್ಟು ಇರ್ನಿಲ್ಲ.”

“ಸೋದರಮಾವನಿಗೆ ಕೊಟ್ಟಿದ್ದ ಅಕ್ಕನಿಗಾ?” ಅಂದೆ. “ಮಕ್ಕಳಿಲ್ಲ ಅಂದಿದ್ದೆ ನೀನು!”

“ಓದ ಮಕ್ಕಳ್ನ ಲೆಕ್ಕಕ್ಕೆ ಯೋಳಬಾರ್ದು ಮೇಡಮ್ಮೋರೆ. ಇರಾವಕ್ಕೆ ಆಗಲ್ಲ. ಅದ್ರಾಗೆ ಮದ್ವೆ ಮನೆ.” ಅವಳ ದನಿ ಎಲ್ಲೋ ಒಳಗಿನಿಂದ ಬರುತ್ತಿತ್ತು. “ಗಂಡು ಮಗ. ಒಂದ್ ಕೈಲಿ ಎಬ್ಬೆಟ್ಟಿಲ್ಲ, ಇನ್ನೊಂದ್ರಲ್ಲಿ ಎಳೇ ಬೆಂಡೆಕಾಯಿ ಅಂಗೆ ನೇತಾಡ್ತಿತ್ತು. ನಾನೇ ಎತ್ಕಂಡು ತಿರುಗ್ತಿದ್ದೆ. ತುತ್ತ ಇಡ್ಕಳಕ್ಕೆ ಬತ್ತಿರ್ನಿಲ್ಲ, ನಾನೇ ಉಣ್ಣುಸ್ತಿದ್ದೆ. ಬೆಳ್ಳಗೆ ಆಗೋಯ್ತು. ಇಸ್ಕೂಲ್ಗೆ ಸೇರಸಾಕೆ ಮುಂಚೆನೇ ಓಯ್ತು. ಬಾಲಗ್ರಹ ಅಂದ್ರು.”

ಮೊರವನ್ನು ಪಕ್ಕಕ್ಕಿಟ್ಟು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. ಹೊರಗಿನವರಿಗೆ ಕೇಳಬಾರದೆಂದು ಸದ್ದಿಲ್ಲದೆ ಅತ್ತಳು. ನಾನು ಪಕ್ಕದಲ್ಲಿ ಕೂತು ಬೆನ್ನು ಸವರಿದೆ. ಕೆಲಸದಲ್ಲಿ ಅಳಬಾರದು ಎಂದು ನಮಗೆ ಕಲಿಸಿರುತ್ತಾರೆ, ನಾನೂ ಅತ್ತೆ.

ಆಮೇಲೆ ಮುಂದಿನ ದಾರಿ ಹೇಳಿದೆ. ಇಬ್ಬರಲ್ಲಿ ಒಬ್ಬರಿಗೆ ದೋಷ ಇಲ್ಲ ಎಂದಾದರೂ ಸಾಕು, ಎರಡೂ ಎತ್ತು ಕುಂಟಾಗುವ ಮಾತೇ ಇಲ್ಲ, ಮದುವೆ ನಿರಾಳವಾಗಿ ಮಾಡಬಹುದು. ಮೊದಲು ಹುಡುಗಿಯ ರಕ್ತ ನೋಡೋಣ, ಹೇಗಿದ್ದರೂ ಅವಳ ಸಲುವಾಗಿ ಅದು ಬೇಕೇ ಬೇಕು ಅಂದೆ.

“ಅವಳೆಸ್ರು ಬ್ಯಾಡ.” ಕಣ್ಣು ಒರೆಸಿಕೊಂಡಳು. “ನನ್ನೆಸ್ರಲ್ಲೇ ಅವಳ ರಕ್ತ ತಗಳಿ.”

ಹಾಗೆ ಮಾಡಲು ಬರುವುದಿಲ್ಲ, ಅವಳಿಗೆ ತಿಳಿಸಿ, ಅವಳ ಸಹಿ ಹಾಕಿಸಿಕೊಂಡೇ ತೆಗೆಯಬೇಕು ಅಂದೆ.

“ಕ್ಯಾನ್ಸರ್ ಆಸ್ಪತ್ರೇಲಿ ಮದ್ವೆ ಆಗ್ದಿರೋ ಎಣ್ಣಿನ ಎಸ್ರಾ? ಊರ್ಗೆ ಗೊತ್ತಾದ್ರೆ ಮುಗೀತು. ತಮ್ಮನ್ದು ನೋಡಿ. ಗಂಡ್ಸು, ಅವ್ನಿಗೆ ಯಾರೇನಂತಾರೆ? ಅವ್ನಿಗಿಲ್ಲ ಅಂದ್ರೆ ಇವ್ಳಿಗೆ ಯಾವ್ದೂ ತಿಳಿಯಾದೇ ಬ್ಯಾಡ.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಾನು ಒಪ್ಪಿಕೊಂಡೆ. ತಮ್ಮನಿಗೆ ಹೇಳಲು ಅವಳ ಒಪ್ಪಿಗೆ ಸಿಕ್ಕಿತಲ್ಲ ಎಂಬುದೇ ಆ ಹೊತ್ತಿಗೆ ದೊಡ್ಡ ಗೆಲುವಾಗಿ ಕಂಡಿತು.

ತಮ್ಮ ಮರುದಿನವೇ ಮೈಸೂರಿಗೆ ಬಂದ. ಅಕ್ಕನ ಎದುರಿಗೇ ಎಲ್ಲ ಹೇಳಿದೆ: ಅಕ್ಕನ ವರದಿ, ಆ ಹೆಬ್ಬೆರಳಿಲ್ಲದ ಮಗು, ಅರ್ಧಕ್ಕರ್ಧದ ಲೆಕ್ಕ. ಕೊನೆಗೆ ಅವನು ಅಂಗಿಯ ತೋಳು ಮಡಚಿ, “ತಗಳಿ ಮೇಡಂ, ಎಷ್ಟು ರಕ್ತ ಬೇಕೋ ಅಷ್ಟು” ಎಂದು ಸುಟ್ಟ ಕಲೆಯ ಕೈ ಮುಂದೆ ಚಾಚಿದ.